ಹಿಮವಿಲ್ಲದ ಬೆಟ್ಟಕ್ಕೆ ಎಷ್ಟು ಅಂಕ?

ದೆಹಲಿ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನಕ್ಕಾಗಿ ಕಾದು ಕುಳಿತಿದ್ದೆವು. ಮಗರಾಯ ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ಗುಲ್ಮಾರ್ಗ್‌ಗೆ ಒಂದೇ ಒಂದು ಸ್ಟಾರ್ ಕೊಟ್ಟೆ. ಸೊನ್ನೆ ಕೊಡೋಕೆ ಆಗಲ್ಲ, ಆಗಿದ್ದರೆ ಅದನ್ನೇ ಕೊಡ್ತಿದ್ದೆ" ಎಂದ. ನನ್ನಾಕೆ ಕೈಚೀಲದಿಂದ ಎಳ್ಳು-ಬೆಲ್ಲದ ಪೊಟ್ಟಣ ತೆಗೆದು ಅವನ ಅಂಗೈಗೆ ಸುರಿಯುತ್ತ, "ಇವತ್ತು ಸಂಕ್ರಾಂತಿ ಕಣೋ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡು" ಎಂದಳು.

ಅವನು ಎಳ್ಳು ತಿಂದ. ಮಾತಾಡಲಿಲ್ಲ.

ಅವನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. 2024ರ ಜನವರಿಯ ಮಾತು. ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬ, ಹೀಗೆ ಮೂರು ರಜೆ ಸಾಲಾಗಿ ಬಂದಿದ್ದವು. ಅವಕ್ಕೆ ನನ್ನ ಎರಡು ಸಿ.ಎಲ್. ಅಂಟಿಸಿ, ಮಗನ ಮೊದಲ ಬೋನಸ್ಸಿನ ದುಡ್ಡಿನಲ್ಲಿ ನಾವು ಮೂವರೂ ಕಾಶ್ಮೀರಕ್ಕೆ ಹೊರಟಿದ್ದೆವು. ಬಸವೇಶ್ವರನಗರದ ಮನೆಯ ಫ್ರಿಜ್ಜಿನ ಮೇಲಂತಸ್ತು ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ತಾಯಿಗೆ ಹಿಮ ತೋರಿಸಬೇಕು, ತಾನು ಮೂರು ದಿನ ಸ್ಕೀಯಿಂಗ್ ಕಲಿಯಬೇಕು ಎಂಬುದು ಅವನ ಲೆಕ್ಕ. ಟಿಕೆಟ್ಟು, ಹೋಟೆಲು, ಸ್ಕೀ ತರಗತಿ ಎಲ್ಲಕ್ಕೂ ಮುಂಗಡ ಕೊಟ್ಟದ್ದು ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟರ ಕೈಗೆ. "ಹಿಮ ಹೇಗಿದೆ?" ಎಂದು ಕೇಳಿದ್ದಕ್ಕೆ ಆ ಪುಣ್ಯಾತ್ಮರು, "ಜನವರಿಯಲ್ಲಿ ಹಿಮ ಇಲ್ಲದೆ ಏನ್ ಸಾರ್, ಫುಲ್ ಇದೆ" ಎಂದಿದ್ದರು.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಕೊನೆಯ ಏರಿಗೆ ಮುಂಚೆ ತಂಗ್‌ಮಾರ್ಗ್ ಎಂಬ ಊರು ಸಿಗುತ್ತದೆ. ಹಿಮ ಬಿದ್ದ ದಿನಗಳಲ್ಲಿ ಚಕ್ರಕ್ಕೆ ಸರಪಳಿ ಬಿಗಿದ ಗಾಡಿಗಳು ಮಾತ್ರ ಅಲ್ಲಿಂದ ಮೇಲೆ ಹೋಗಬಹುದು. ನಾವು ಹೋದ ದಿನ ಸರಪಳಿ ಗಾಡಿಯವರು ರಸ್ತೆ ಪಕ್ಕದಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದರು. ನಮ್ಮ ಕಾರು ನಂದಿಬೆಟ್ಟ ಹತ್ತುವಷ್ಟೇ ಸಲೀಸಾಗಿ ಮೇಲೆ ಹೋಯಿತು. ಅಲ್ಲಿ ಕಂಡದ್ದು 2,650 ಮೀಟರ್ ಎತ್ತರದಲ್ಲಿ, ದೇವದಾರು ಮರಗಳ ನಡುವೆ, ಬಟ್ಟಲಿನ ಆಕಾರದ ದೊಡ್ಡದೊಂದು ಕಂದು ಹುಲ್ಲುಗಾವಲು. ಬ್ರಿಟಿಷರು 1927ರಲ್ಲೇ ಸ್ಕೀ ಕ್ಲಬ್ ಕಟ್ಟಿದ ಊರು ಬೇಸಗೆಯ ಚಿತ್ರದುರ್ಗದ ಬಯಲಿನಂತೆ ಒಣಗಿ ಬಿದ್ದಿತ್ತು. ಸ್ಲೆಡ್ಜ್ ಎಳೆಯುವವರು ತಮ್ಮ ಮರದ ಗಾಡಿಗಳ ಮೇಲೆ ತಾವೇ ಕುಳಿತಿದ್ದರು.

"ಇದಕ್ಕಾ ಸಂಕ್ರಾಂತಿ ಬಿಟ್ಟು ಬಂದದ್ದು?" ಎಂದು ನನ್ನಾಕೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ರೋಪ್‌ವೇ ತೊಟ್ಟಿಲಲ್ಲಿ ಕುಳಿತು ಮೊದಲ ಹಂತವಾದ ಕೊಂಗ್‌ಡೂರಿಗೆ ಹೋದೆವು. ಅಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಹಳೆಯ ಹಿಮವಿತ್ತು. ನಮಗೆ ಗೊತ್ತು ಮಾಡಿದ್ದ ಸ್ಕೀ ಶಿಕ್ಷಕರು ಬಂದರು. ನನ್ನದೇ ವಯಸ್ಸು, ಬಿಸಿಲಿಗೆ ಕಂದಿದ ಮುಖ. ನಾನು ಮೇಷ್ಟ್ರು ಎಂದು ತಿಳಿದ ಮೇಲೆ "ಮಾಸ್ಟರ್‌ಜೀ" ಎಂದೇ ಕರೆದರು. ಒಂದು ತೇಪೆಯ ಮೇಲೆ ಬೂಟಿನ ಹಿಮ್ಮಡಿಯಿಂದ ಎರಡು ಸಲ ಗುದ್ದಿದರು. ಟಣ್ ಎಂದಿತು. ನನ್ನ ಹರಕು ಹಿಂದಿಗೆ ಅರ್ಥವಾದ ಮಟ್ಟಿಗೆ ಅವರು ಹೇಳಿದ್ದು ಇಷ್ಟು: "ಇದು ಹಿಮ ಅಲ್ಲ ಮಾಸ್ಟರ್‌ಜೀ, ಗಾಜು. ನಡುವೆ ಕಲ್ಲುಗಳಿವೆ. ಹೊಸ ಹುಡುಗನನ್ನು ಇದರ ಮೇಲೆ ನಿಲ್ಲಿಸಿದರೆ ಮೊಣಕಾಲು ಹೋಗುತ್ತದೆ. ನಾನು ಕಲಿಸುವುದಿಲ್ಲ."

ಹತ್ತು ಮಾರು ಆಚೆ ಬೇರೊಬ್ಬರು ಅದೇ ಗಾಜಿನ ಮೇಲೆ ಒಂದು ಸಂಸಾರವನ್ನು ನಿಲ್ಲಿಸಿ ಫೋಟೋ ತೆಗೆಸಿ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಈ ಮನುಷ್ಯ ಬಂದ ಕೂಲಿಯನ್ನು ಬೇಡವೆಂದರು. ಬರಿಗೈಯಲ್ಲಿ ಕಳಿಸಬಾರದು ಅನ್ನಿಸಿತೋ ಏನೋ, ಒಣಹುಲ್ಲಿನ ಮೇಲೆ ಮಗನಿಗೆ ಒಂದು ಗಂಟೆ ಪಾಠ ಮಾಡಿದರು. ಬೂಟು ಹೇಗೆ ಬಿಗಿಯಬೇಕು, ಬೀಳುವುದು ಹೇಗೆ, ಬಿದ್ದ ಮೇಲೆ ಏಳುವುದು ಹೇಗೆ. ದುಡ್ಡು ಕೊಡಹೋದರೆ ಚಹಾ ಸಾಕೆಂದರು. ನನ್ನಾಕೆ ಎಳ್ಳು-ಬೆಲ್ಲ ಕೊಟ್ಟಳು. ಏನು ಎತ್ತ ಎಂದು ಕೇಳದೆ ಬಾಯಿಗೆ ಹಾಕಿಕೊಂಡು, ಕೊಬ್ಬರಿ ಚೂರನ್ನು ಗುರುತಿಸಿ ನಕ್ಕರು.

ಇಷ್ಟೆಲ್ಲ ಆದ ಮೇಲೂ ಗುಲ್ಮಾರ್ಗ್‌ಗೆ ಒಂದು ಸ್ಟಾರ್! ನಾನು ಮಗನಿಗೆ ಏನೂ ಹೇಳಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ ಸುಮ್ಮನಿರುತ್ತದೆಯೇ? ವಿಮಾನ ನಾಗಪುರದ ಮೇಲೆಲ್ಲೋ ಹೋಗುತ್ತಿದ್ದಾಗ ಟಿಶ್ಯೂ ಕಾಗದದ ಮೇಲೆ ಒಂದು ಅಂಕಪಟ್ಟಿ ಬರೆಯತೊಡಗಿದೆ.

ಮೌಲ್ಯಮಾಪನಕ್ಕೆ ಕುಳಿತವರಿಗೆಲ್ಲ ಎರಡು ನಿಯಮ ಗೊತ್ತು. ಒಂದು, ಪಠ್ಯದಲ್ಲಿಲ್ಲದ ಪ್ರಶ್ನೆ ಬಂದರೆ ಹುಡುಗನ ಅಂಕ ಕಳೆಯುವಂತಿಲ್ಲ. ಎರಡು, ಕೊನೆಯ ಉತ್ತರ ತಪ್ಪಾಗಿದ್ದರೂ ಮಾಡಿದ ಕ್ರಮ ಸರಿಯಿದ್ದರೆ ಸ್ಟೆಪ್ ಮಾರ್ಕ್ಸ್ ಕೊಡಲೇಬೇಕು. ಹಿಮದ ಊರಿಗೆ ಅಂಕ ಕೊಡುವವರಿಗೂ ಈ ಎರಡೇ ನಿಯಮ ಸಾಕೆಂದು ನನಗೆ ತೋರುತ್ತದೆ.

ಹಿಮ ಬೀಳುವುದು ಊರಿನವರ ಪಠ್ಯದಲ್ಲಿಲ್ಲ. ಕಾಶ್ಮೀರದ ಚಳಿಗಾಲದ ಹಿಮವನ್ನು ಹೊತ್ತು ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಆಫ್ಘಾನಿಸ್ತಾನ ದಾಟಿ ಬರುವ ಗಾಳಿಯ ಸುಳಿಗಳು. ಹವಾಮಾನದವರು ಇವನ್ನು ಪಶ್ಚಿಮದ ಕ್ಷೋಭೆ ಎನ್ನುತ್ತಾರೆ. ಡಿಸೆಂಬರ್ 21ರಿಂದ ಜನವರಿ 30ರ ವರೆಗಿನ ನಲವತ್ತು ದಿನ ಕಾಶ್ಮೀರಿಗಳಿಗೆ 'ಚಿಲ್ಲಾಯಿ ಕಲಾನ್', ಹೆಚ್ಚು ಹಿಮ ಬೀಳಬೇಕಾದ ಕಾಲ. ಆ ವರ್ಷ ಆ ನಲವತ್ತು ದಿನಗಳ ಬಹುಭಾಗ ಒಣಗಿಯೇ ಕಳೆಯಿತು. ತಮಾಷೆಯೆಂದರೆ ಚಳಿಗೇನೂ ಕೊರತೆಯಿರಲಿಲ್ಲ. ಮೋಡವೆಂಬುದು ಭೂಮಿಗೆ ಹೊದಿಸಿದ ಕಂಬಳಿ. ಅದಿಲ್ಲದಿದ್ದರೆ ಹಗಲು ಬಿಸಿಲು ಚುರುಕು, ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಸೋರಿ ಮೈ ಕೊರೆಯುವ ಚಳಿ. ಹೀಗಾಗಿ ನಮಗೆ ಸಿಕ್ಕಿದ್ದು ಹಿಮವಿಲ್ಲದ ಚಳಿ, ಒಗ್ಗರಣೆಯಿಲ್ಲದ ಸಾರಿನ ಹಾಗೆ.

ಇದು ಗುಲ್ಮಾರ್ಗ್ ಒಂದರ ಹಣೆಬರಹವೂ ಅಲ್ಲ. 2023ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರಮಟ್ಟದ ಕೂಟ ಹಿಮ ಸಾಲದೆ ರದ್ದಾಯಿತು. ಅದೇ ವರ್ಷದ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಸಿರಿವಂತರ ಊರು ಗ್ಸ್ಟಾಡ್‌ನಲ್ಲಿ ಇಳಿಜಾರಿಗೆ ಹೆಲಿಕಾಪ್ಟರಿನಲ್ಲಿ ಹಿಮ ಹೊತ್ತು ಹಾಕಿದರು. ಕೃತಕ ಹಿಮದ ಯಂತ್ರಗಳಿವೆ, ನಿಜ. ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮಿಸಿದರೆ ಅದು ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ಅದಕ್ಕೆ ಗಾಳಿ ಒಣಗಿರಬೇಕು, ಸಾಕಷ್ಟು ತಣ್ಣಗಿರಬೇಕು, ಧಾರಾಳ ನೀರು, ಧಾರಾಳ ಕರೆಂಟು ಬೇಕು. ಬೆಟ್ಟದ ಊರಿನ ಕುಡಿಯುವ ನೀರಿನ ಮೂಲದಿಂದಲೇ ಈ ನೀರೂ ಬರುತ್ತಿದೆಯೇ ಎಂಬುದನ್ನು ಕೇಳಿಯೇ ಅಂಕ ಕೊಡುವುದು ಒಳ್ಳೆಯದು.

ಹಾಗಾದರೆ ಊರಿನವರ ಪಠ್ಯದಲ್ಲಿ ಇರುವುದೇನು?

ಮೊದಲನೆಯದು, ನಿಜ ಹೇಳುವುದು. ಹಿಮ ಎಷ್ಟಿದೆ, ಯಾವ ದಿನ ಅಳೆದದ್ದು, ಬುಡದಲ್ಲಿ ಎಷ್ಟು, ತುದಿಯಲ್ಲಿ ಎಷ್ಟು ಎಂಬುದನ್ನು ದುಡ್ಡು ಈಸಿಕೊಳ್ಳುವ ಮೊದಲೇ ಹೇಳಿದರೆ ಹತ್ತಕ್ಕೆ ಹತ್ತು. ನಮ್ಮ ಏಜೆಂಟರಿಗೆ ಇಲ್ಲಿ ಸೊನ್ನೆ. ಆದರೆ ಅವರಿರುವುದು ಬೆಂಗಳೂರಿನಲ್ಲಿ. ಅವರ ಸೊನ್ನೆಯನ್ನು ಗುಲ್ಮಾರ್ಗ್‌ನ ಲೆಕ್ಕಕ್ಕೆ ಬರೆಯುವುದು ಪಕ್ಕದ ಶಾಲೆಯ ಹುಡುಗನ ತಪ್ಪಿಗೆ ನಮ್ಮ ಹುಡುಗನಿಗೆ ಬಸ್ಕಿ ಹೊಡೆಸಿದಂತೆ.

ಎರಡನೆಯದು ಇಳಿಜಾರು. ಮೇಣ ಬಳಿದ ಸ್ಕೀ ಹಲಗೆಗೂ ಹಿಮಕ್ಕೂ ನಡುವೆ ಘರ್ಷಣೆ ಎಷ್ಟು ಕಡಿಮೆಯೆಂದರೆ ಮೂರು ಡಿಗ್ರಿ ಇಳಿಜಾರು ಸಿಕ್ಕರೂ ಅದು ತಾನಾಗಿ ಜಾರತೊಡಗುತ್ತದೆ. ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಗೆಂದು ಕಟ್ಟುವ, ಹನ್ನೆರಡು ಅಡಿಗೆ ಒಂದಡಿ ಏರುವ ಓಣಿ ಸುಮಾರು ಐದು ಡಿಗ್ರಿ. ಅಷ್ಟರಲ್ಲೇ ಹೊಸಬನ ಎದೆ ಬಾಯಿಗೆ ಬಂದಿರುತ್ತದೆ! ಅಮೆರಿಕದಲ್ಲಿ ಇಳಿಜಾರುಗಳಿಗೆ ಹಸಿರು, ನೀಲಿ, ಕಪ್ಪು ಎಂದು ಗುರುತು ಹಾಕುತ್ತಾರೆ. ನೂರು ಮೀಟರಿಗೆ ಇಪ್ಪತ್ತೈದು ಮೀಟರ್ ಇಳಿಯುವವರೆಗೆ, ಅಂದರೆ ಸುಮಾರು 14 ಡಿಗ್ರಿಯವರೆಗೆ, ಹಸಿರು. ನಲವತ್ತು ದಾಟಿದರೆ, ಅಂದರೆ 22 ಡಿಗ್ರಿಯ ಆಚೆ, ಕಪ್ಪು. ಆದರೆ ಇದು ಅಂದಾಜಿನ ಲೆಕ್ಕ. ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ಕಪ್ಪಾಗಿರಬಹುದು, ಒಂದು ಶಾಲೆಯ ಫಸ್ಟ್ ಕ್ಲಾಸು ಇನ್ನೊಂದು ಶಾಲೆಯ ಪಾಸಾಗುವ ಹಾಗೆ. ಕಲಿಯುವವರಿಗೆ ಬೇರೆಯೇ ಜಾಗವಿದೆಯೇ, ಗುರುತು ಎದ್ದು ಕಾಣುತ್ತದೆಯೇ, ಇಳಿಜಾರು ಉತ್ತರಕ್ಕೆ ಮುಖ ಮಾಡಿದೆಯೇ ಎಂಬುದನ್ನು ನೋಡಬೇಕು. ಉತ್ತರದ ಮೈಗೆ ಬಿಸಿಲು ಓರೆ, ಹಿಮ ಹೆಚ್ಚು ದಿನ ನಿಲ್ಲುತ್ತದೆ.

ಇದನ್ನು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ನನ್ನಾಕೆ. ನಾವಿಬ್ಬರು ಗಂಡಸರು ಪಾಠ ಕೇಳುತ್ತಿದ್ದಾಗ ಅವಳು ಒಂದು ತಗಡಿನ ಶೆಡ್ಡಿನ ಹಿಂದೆ, ಉತ್ತರದ ನೆರಳಿನಲ್ಲಿ, ಚಾಪೆಯಗಲದ ಹಿಮ ಪತ್ತೆ ಮಾಡಿದ್ದಳು. ಧೂಳು ಕವಿದಿತ್ತು. ಕೈಗವಸು ಕಳಚಿ ಮೇಲಿನ ಧೂಳು ಸರಿಸಿ ಬೊಗಸೆಗೆ ತೆಗೆದುಕೊಂಡಳು. "ರೀ, ಕಲ್ಲುಪ್ಪಿನ ಹಾಗಿದೆ" ಎಂದಳು. ಹಳೆಯ ಹಿಮ ಹಾಗೇ ಇರುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಹರಳುಗಟ್ಟುತ್ತದೆ. ನಾನು ಅದನ್ನು ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೀವದ ಹೊಣೆ. ಸ್ಕೀ ಬೂಟು ಹಲಗೆಗೆ ಕಚ್ಚಿಕೊಳ್ಳುವ ಕೀಲು, ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಬಿಡದಿದ್ದರೆ ಹಲಗೆ ತಿರುಗಿದ ಕಡೆಗೆ ಮೊಣಕಾಲೂ ತಿರುಗುತ್ತದೆ. ಅದನ್ನು ಬಿಗಿಯುವ ಮೊದಲು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳಿದರೇ? ಕೇಳದೆ ಬೂಟು ಕೊಟ್ಟವರಿಗೆ ಅಂಕ ಕಳೆಯಿರಿ. ಹೆಲ್ಮೆಟ್ ಇದೆಯೇ? ಬಿದ್ದವರನ್ನು ಹೊತ್ತು ತರುವ ತಂಡ ಎಲ್ಲಿ ನಿಲ್ಲುತ್ತದೆ? ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆಯೇ? ಗುಲ್ಮಾರ್ಗ್‌ನಲ್ಲೇ 2017ರ ಜೂನ್‌ನಲ್ಲಿ ಬಿರುಗಾಳಿಗೆ ಮರವೊಂದು ರೋಪ್‌ವೇ ಮೇಲೆ ಬಿದ್ದು ತೊಟ್ಟಿಲು ಕಳಚಿ ಏಳು ಜನ ಸತ್ತರು. ಹಾಗಾಗಿ "ಎರಡು ಗಂಟೆ ರೋಪ್‌ವೇ ನಿಲ್ಲಿಸಿ ನಮ್ಮ ಸಮಯ ಹಾಳು ಮಾಡಿದರು" ಎಂದು ಒಬ್ಬರು ಬರೆದಿದ್ದನ್ನು ಓದಿದಾಗ, ಆ ಎರಡು ಗಂಟೆಗೆ ಅಂಕ ಕೂಡಬೇಕೋ ಕಳೆಯಬೇಕೋ ಎಂದು ನನಗೆ ನಾನೇ ಕೇಳಿಕೊಂಡೆ.

ನಾಲ್ಕನೆಯದು, ಊರಿನ ಅಂಕ ಪಟ್ಟಿಗೆ ನ್ಯೂಟನ್, ಬಾಯಲ್ ಮುಂತಾದವರ ತಪ್ಪುಗಳನ್ನು ಸೇರಿಸಬಾರದು. ಗುಲ್ಮಾರ್ಗ್‌ನಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಅಲ್ಲಿ ಸುಮಾರು 91 ಡಿಗ್ರಿಗೇ ಕುದಿಯುತ್ತದೆ. "ಚಹಾ ಸುಡುಸುಡು ಇರಲಿಲ್ಲ, ಬೇಳೆ ಬೆಂದಿರಲಿಲ್ಲ" ಎಂದು ಹೋಟೆಲಿನವರ ಮೇಲೆ ಹಾರಾಡಿ ಪ್ರಯೋಜನವಿಲ್ಲ. ಕುಕ್ಕರ್ ಇಟ್ಟಿಲ್ಲವೆಂದು ಬೇಕಾದರೆ ಅರ್ಧ ಅಂಕ ಕಳೆಯಿರಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದೂ ಹೋಟೆಲಿನ ತಪ್ಪಲ್ಲ. ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮಾತ್ರ ಧಾರಾಳವಾಗಿ ಕಳೆಯಿರಿ.

ಐದನೆಯದು, ಅಂಕ ಕೊಡುವವನು ತನ್ನ ಅಂಕಪಟ್ಟಿಯನ್ನೂ ತೋರಿಸಬೇಕು. ಗುಲ್ಮಾರ್ಗ್ ರೋಪ್‌ವೇಯ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿನವರೆಗೆ ಒಯ್ಯುತ್ತದೆ. ಅಲ್ಲಿಂದ ಹೊಸ ಹಿಮದ ಮೇಲೆ ಇಳಿಯಲು ಯೂರೋಪಿನಿಂದ ಪಳಗಿದವರು ಬರುತ್ತಾರೆ. ಅವರಿಗೆ ಐದು ಸ್ಟಾರ್ ಆದದ್ದೇ ನನ್ನಂಥವನಿಗೆ ಯಮಪುರಿ. "ನಾನು ಮೊದಲ ಸಲ ಹೋದವನು, ಇಂಥ ತಾರೀಕು, ಹಿಮ ಇಷ್ಟಿತ್ತು" ಎಂದು ಬರೆಯದ ಅಂಕ, ಅಳತೆಯ ಮಾನ ಬರೆಯದ ಲೆಕ್ಕದ ಉತ್ತರ. ಹನ್ನೆರಡು ಎಂದರೆ ಹನ್ನೆರಡು ಏನು? ಮೀಟರೋ, ಕಿಲೋಗ್ರಾಮೋ?

ಸರಾಸರಿಯನ್ನೂ ನಂಬಿ ಕೆಡಬೇಡಿ. ಎರಡು ಊರುಗಳಿಗೆ ಮೂರು ಮೂರು ಸ್ಟಾರ್ ಇದೆ ಎನ್ನಿ. ಒಂದಕ್ಕೆ ಎಲ್ಲರೂ ಮೂರೇ ಕೊಟ್ಟಿದ್ದಾರೆ, ಅದು ಸಾಧಾರಣ ಊರು. ಇನ್ನೊಂದಕ್ಕೆ ಅರ್ಧ ಜನ ಐದು, ಅರ್ಧ ಜನ ಒಂದು. ಅದು ಹಿಮವಿದ್ದಾಗ ಸ್ವರ್ಗ, ಇಲ್ಲದಾಗ ಬಯಲು. ಸರಾಸರಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಸುಮ್ಮನೆ ಸಂತೋಷವಾಗಿ ಮನೆಗೆ ಹೋದವರು ಬಹುಮಟ್ಟಿಗೆ ಏನೂ ಬರೆಯುವುದೇ ಇಲ್ಲ ಎಂಬುದೂ ನೆನಪಿರಲಿ.

ಟಿಶ್ಯೂ ಕಾಗದ ಇಲ್ಲಿಗೆ ಮುಗಿದಿತ್ತು. ಆದರೆ ಅದನ್ನು ಮಗನಿಗೆ ತೋರಿಸುವ ಧೈರ್ಯ ನನಗೆ ಕೂಡಲೇ ಬರಲಿಲ್ಲ. ಕಾರಣ, ಒಂದು ಹಳೆಯ ಲೆಕ್ಕ.

ಬಹಳ ವರ್ಷಗಳ ಹಿಂದೆ ನನ್ನ ಪ್ರಯೋಗಾಲಯದಲ್ಲಿ ನಿಮ್ನ ದರ್ಪಣದ ನಾಭಿದೂರ ಕಂಡುಹಿಡಿಯುವ ಪರೀಕ್ಷೆ. ಪೆಟ್ಟಿಗೆಯ ಮೇಲೆ 20 ಸೆಂ.ಮೀ. ಎಂದು ಚೀಟಿ ಅಂಟಿಸಿತ್ತು. ಹುಡುಗರೆಲ್ಲ ಚೀಟಿ ನೋಡಿ 19.8, 20.1 ಎಂದು ಬರೆದು ಪೂರ್ಣ ಅಂಕ ಪಡೆದರು. ಒಬ್ಬ ಮಾತ್ರ 17 ಎಂದು ಬರೆದ. ಮತ್ತೆ ಅಳೆ ಎಂದೆ. ಮತ್ತೆ ಅಳೆದು ಮತ್ತೆ 17 ಎಂದ. ಅರ್ಧ ಅಂಕ ಕೊಟ್ಟು ಕಳಿಸಿದೆ. ವರ್ಷದ ಕೊನೆಗೆ ಸಾಮಾನು ಲೆಕ್ಕ ಹಾಕುವಾಗ ಗೊತ್ತಾಯಿತು, ಯಾರೋ ಬೇರೆ ದರ್ಪಣವನ್ನು ಆ ಪೆಟ್ಟಿಗೆಯಲ್ಲಿಟ್ಟಿದ್ದರು. ಅದರ ನಾಭಿದೂರ 17. ಅಷ್ಟರಲ್ಲಿ ಆ ಹುಡುಗ ಟಿ.ಸಿ. ಪಡೆದು ಹೋಗಿಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದವನಿಗೆ ನಾನು ಕೊಟ್ಟ ಅಂಕವದು. ಕೊಂಗ್‌ಡೂರಿಯಲ್ಲಿ ಬೂಟಿನಿಂದ ಗುದ್ದಿ "ಇದು ಹಿಮ ಅಲ್ಲ" ಎಂದವರ ಮುಖ ನೋಡುವಾಗ ನನಗೆ ಆ ಹುಡುಗ ನೆನಪಾಗಿದ್ದ.

ಮನೆಗೆ ಬಂದ ವಾರದ ಮೇಲೆ ಒಂದು ಸಂಜೆ ಹಾವನೂರು ಸರ್ಕಲ್ಲಿನ ಕಡೆ ಇಬ್ಬರೂ ನಡೆದು ಹೋಗುವಾಗ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ವಾದಕ್ಕೆ ನಿಂತ. "ಹಿಮ ನೋಡೋಕೆ ಹೋಗಿ ಹಿಮ ಸಿಗಲಿಲ್ಲ ಅಂದ್ರೆ ಅದನ್ನ ಬರೀಬಾರದಾ? ನಾಳೆ ಬರೋರಿಗೆ ಗೊತ್ತಾಗಬೇಡವಾ?" ಬರೆಯಲೇಬೇಕು. ಅವನ ಮಾತು ಸರಿ. ಎಳ್ಳು-ಬೆಲ್ಲ ತಿಂದ ಮಾತ್ರಕ್ಕೆ ಸಿಹಿಯಾದ ಸುಳ್ಳು ಬರೆಯಬೇಕಾಗಿಲ್ಲ. ನಮ್ಮ ನಂದಿಬೆಟ್ಟವನ್ನೇ ನೋಡಿ. 1,478 ಮೀಟರ್ ಹತ್ತಿ ಸೂರ್ಯೋದಯಕ್ಕೆ ಕಾದವರಿಗೆ ಮಂಜು ಬಿಟ್ಟರೆ ಬೇರೇನೂ ಕಾಣದ ದಿನಗಳು ಎಷ್ಟೋ. "ಮಂಜಿತ್ತು" ಎಂದು ಬರೆಯುವುದು ಮಾಹಿತಿ. ಮಂಜಿತ್ತೆಂದು ಬೆಟ್ಟಕ್ಕೆ ಒಂದು ಸ್ಟಾರ್ ಕೊಡುವುದು ಸಿಟ್ಟು. ಅದೇ ಬೆಟ್ಟದಲ್ಲಿ ಚಹಾದ ಲೋಟ ಎಸೆಯಲು ಬುಟ್ಟಿ ಇದೆಯೇ, ಬಂಡೆಯ ಅಂಚಿಗೆ ಬೇಲಿ ಇದೆಯೇ, ಕೋತಿಗಳಿಗೆ ತಿಂಡಿ ಎಸೆಯುವವರನ್ನು ಯಾರಾದರೂ ತಡೆಯುತ್ತಾರೆಯೇ ಎಂದು ನೋಡಿ ಅಂಕ ಕೊಟ್ಟರೆ ಅದು ಮೌಲ್ಯಮಾಪನ.

"ನಿನ್ನ ಒಂದು ಸ್ಟಾರ್ ಮೋಡಕ್ಕೆ ತಲುಪಲ್ಲ ಕಣೋ. ಸ್ಲೆಡ್ಜ್ ಮೇಲೆ ಕೂತಿದ್ದರಲ್ಲ, ಅವರಿಗೆ ತಲುಪುತ್ತೆ" ಎಂದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಜನವರಿಯ ಕೊನೆಗೆ ಗುಲ್ಮಾರ್ಗ್‌ನಲ್ಲಿ ಹಿಮ ಬಿತ್ತು. ಮುಂದಕ್ಕೆ ಹೋಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಫೆಬ್ರುವರಿ 21ರಿಂದ 25ರ ವರೆಗೆ ಅಲ್ಲೇ ನಡೆಯಿತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅಲ್ಲಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದರು. ಕಾಫಿ ತೋಟದ ನಾಡಿನ ಹುಡುಗಿ ಹಿಮದ ಮೇಲೆ ಗೆದ್ದಳೆಂದು ನನ್ನಾಕೆ ಆ ದಿನ ಎರಡು ಸಲ ಸುದ್ದಿ ಓದಿಸಿದಳು. ಅದೇ ಕೂಟ ನಡೆಯುತ್ತಿದ್ದಾಗ, 22ರಂದು, ಅಫರ್ವತ್‌ನ ಇಳಿಜಾರಿನಲ್ಲಿ ಹಿಮ ಕುಸಿದು ರಷ್ಯಾದ ಒಬ್ಬ ಸ್ಕೀಯರ್ ಸತ್ತ ಸುದ್ದಿಯೂ ಬಂತು. ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಅದರಲ್ಲೂ ಹೊಸ ಹಿಮ ಧಾರಾಳವಾಗಿ ಬಿದ್ದ ಮೇಲೆ. ಅಂದರೆ ಜನ ಐದು ಸ್ಟಾರ್ ಕೊಡುವಂಥ ದಿನಗಳಲ್ಲೇ. ಆ ಸುದ್ದಿ ಓದಿದ ಮಗ ಬಹಳ ಹೊತ್ತು ಸುಮ್ಮನಿದ್ದ.

ಆ ರಾತ್ರಿ ಅವನು ತನ್ನ ಬರಹ ಬದಲಿಸಿದ. ಮೂರು ಸ್ಟಾರ್. ಕೆಳಗೆ ನಾಲ್ಕು ಸಾಲು: ಹೋದ ತಾರೀಕು, ಹಿಮವಿರಲಿಲ್ಲ ಎಂಬ ಮಾತು, ಹೋಗುವ ಮೊದಲು ಅಲ್ಲಿಯವರನ್ನೇ ಕೇಳಿ ತಿಳಿಯಿರಿ ಎಂಬ ಎಚ್ಚರಿಕೆ, ಕೊನೆಗೆ "ಬೇಡ ಎಂದು ಹೇಳುವ ಶಿಕ್ಷಕರು ಸಿಕ್ಕರೆ ಅವರ ಮಾತು ಕೇಳಿ" ಎಂಬ ಸಾಲು.

"ಇನ್ನೊಂದು ಕೊಡಬಹುದಿತ್ತು" ಎಂದಳು ಅವನ ತಾಯಿ, ಅಡಿಗೆಮನೆಯಿಂದ.

"ಯಾತಕ್ಕಮ್ಮ?"

"ಆ ಶೆಡ್ಡಿನ ಹಿಂದೆ ಇತ್ತಲ್ಲ, ಅದಕ್ಕೆ."